ಉಮಾಶ್ರೀಯನ್ನು ಕರೆತನ್ನಿ

ಸಪ್ತಾಪುರ, ಧಾರವಾಡ

ಅಪ್ಪನಿಗೆ ದಾಕ್ಷಾಯಿಣಿಯ ನಮಸ್ಕಾರಗಳು.

ಫೋನಿನಲ್ಲಿ ನೀವು ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಈ ಪತ್ರ. ಬೆಳಗಾವಿಯ ಖಾಸಗಿ ಕಾಲೇಜು ಬಿಟ್ಟು ಇಲ್ಲಿನ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪಡೆದಿದ್ದೇನೆ. ಮೊದಲೇ ಕೇಳಿದ್ದರೆ "ಊರ ಮಂದಿಗೆ ಏನಂತ ಹೇಳ್ಲಿ?" ಅನ್ನುತ್ತಿದ್ದಿರಿ. ಫೀ ಕಡಿಮೆ ಇರುವಲ್ಲಿಗೆ ಹೋದಳೆಂದೇ ಹೇಳಿ.

ಹೋದ ತಿಂಗಳು ಊರಿಗೆ ಬಂದಾಗ ತಂಗಿ ಉಮಾಶ್ರೀ ತನ್ನ ಪಿಯುಸಿ ಪುಸ್ತಕಗಳನ್ನು ಗಂಟು ಕಟ್ಟುತ್ತಿದ್ದಳು. "ಅಕ್ಕಾ, ನಿನ್ನೊಬ್ಬಾಕಿನ್ನ ಓದ್ಸೂದ ಅಪ್ಪಗ ಭಾಳ ಆಗೇತಿ. ನನ್ನ ಸಾಲಿ ಇಲ್ಲಿಗಿ ಸಾಕು" ಎಂದಳು. ಅಳಲಿಲ್ಲ.

ಬೆಳಗಾವಿಯಲ್ಲಿ ನನ್ನೊಬ್ಬಳಿಗೆ ಆಗುತ್ತಿದ್ದ ಖರ್ಚಿನಲ್ಲಿ ಇಲ್ಲಿ ನಾವಿಬ್ಬರೂ ಓದಬಹುದು. ಬಿ.ಎ. ಪ್ರವೇಶಕ್ಕೆ ಮುಂದಿನ ಶುಕ್ರವಾರ ಕಡೆಯ ದಿನ. ಅವಳ ಅರ್ಜಿ ತುಂಬಿಟ್ಟಿದ್ದೇನೆ, ನಿಮ್ಮ ಸಹಿಯೊಂದು ಬೇಕು. ಗುರುವಾರ ಬೆಳಗಿನ ಬಸ್ಸಿಗೆ ಅವಳನ್ನು ಕರೆದುಕೊಂಡು ಬನ್ನಿ. ಅಂಕಪಟ್ಟಿ ಮರೆಯಬೇಡಿ. ನಿಲ್ದಾಣದಲ್ಲಿ ನಿಂತಿರುತ್ತೇನೆ.

ಭಾನುವಾರ ಅವಳನ್ನು ನೋಡಲು ಬರಬೇಕಿದ್ದ ಗದಗಿನವರಿಗೆ ನಿನ್ನೆ ನಾನೇ ಫೋನ್ ಮಾಡಿ, ಹುಡುಗಿ ಓದುತ್ತಾಳೆ ಎಂದು ತಿಳಿಸಿದೆ. ಹುಡುಗನ ತಾಯಿ, "ಓದೂ ಹುಡುಗೀನ ನಾವ್ಯಾಕ ತಡೀಬೇಕು? ಓದ್ಲಿ ಬಿಡವಾ" ಎಂದರು.

ನೀವೂ ಅಷ್ಟೇ ಹೇಳಿದರೆ ಸಾಕು.

ನಿಮ್ಮ ಮಗಳು,
ದಾಕ್ಷಾಯಿಣಿ