ಬೆನ್ನಿನ ಗುಂಡಿಗಳು

ಜುಲ್ಮಾ ಅಕ್ಕಾ,

ಇದು ನಿನ್ನ ಕೈ ಸೇರುವ ಕಾಗದವಲ್ಲ, ಹಾಗಾಗಿ ಕ್ಷೇಮ ಕೇಳುವುದಿಲ್ಲ.

ಆಗಸ್ಟ್ ಬಂತು. ಹಳೇ ಹಾಡುಗಳಿಗೆ ಇಡೀ ಉರುಗ್ವೆ ಕುಣಿಯುವ ರಾತ್ರಿಗೆಂದು ಅಮ್ಮನ ಕಾಲದ ಕಾಗದದ ಪ್ಯಾಟರ್ನನ್ನೇ ಮತ್ತೆ ಬಿಡಿಸಿ ಹರಡಿದೆ. ನಾವಿಬ್ಬರೂ ಹಾಕಿಕೊಳ್ಳುತ್ತಿದ್ದ ಅದೇ, ಕೆಳಗೆ ಅಗಲವಾಗಿ ಹರಡುವ ಫ್ರಾಕು, ಬೆನ್ನುದ್ದಕ್ಕೂ ಗುಂಡಿ. ಈ ಸಲ ಪ್ಯಾಟರ್ನ್ ತಿದ್ದಿ ಗುಂಡಿಗಳನ್ನು ಮುಂದಕ್ಕೆ ತಂದೆ. ಬೆನ್ನನ್ನು ಹೊಲಿದು ಮುಚ್ಚಿಬಿಟ್ಟೆ.

ಇವತ್ತು ಪಕ್ಕದ ಮನೆಯ ನೆಲಿಡಾ ನೋಡಿ ಬೈದಳು.

“ಅಯ್ಯೋ, ಕೆಡಿಸಿಬಿಟ್ಯಲ್ಲೇ! ಆ ಕಾಲದ ಫ್ರಾಕಿಗೆ ಬೆನ್ನೇ ಚೆಂದ ಕಣೇ.”

“ಚೆಂದ ಇರ್ಲಿ, ನನ್ನ ಕೈ ಎಟಕಬೇಕಲ್ಲ.”

“ಮಾತು ಬಿಟ್ರೆ ಏನಾಯ್ತು, ನಿಮ್ಮಕ್ಕ ಇರೋದು ಎರಡೇ ಬೀದಿ ಆಚೆ. ಹೋಗಿ ನಿಂತ್ರೆ ಗುಂಡಿ ಹಾಕಲ್ವಾ?”

“ಈಗ ಇದೇ ಫ್ಯಾಷನ್ನು,” ಅಂದೆ. ಜಗಳವಾಡುವಷ್ಟು ತ್ರಾಣ ಇರಲಿಲ್ಲ.

ಆಗೆಲ್ಲ ಇದೇ ಆಗಸ್ಟ್ ಚಳಿಯಲ್ಲಿ ಗುಂಡಿ ಹಾಕುವಾಗ ನಿನ್ನ ತಣ್ಣನೆಯ ಬೆರಳು ಬೆನ್ನಿಗೆ ತಾಗಿ ನಾನು ನುಲಿದರೆ, “ನೆಟ್ಟಗೆ ನಿಂತ್ಕೊಳ್ಳೇ ಕೋತಿ,” ಅನ್ನುತ್ತಿದ್ದೆ ನೀನು. ಈಗ ಕನ್ನಡಿಯ ಮುಂದೆ ನೆಟ್ಟಗೇ ನಿಂತು ಒಬ್ಬಳೇ ಹಾಕಿಕೊಂಡೆ. ಸರಿಯಾಗಿ ಕೂತಿದೆ.

ಬೆನ್ನಿನ ಹೊಲಿಗೆಯ ಒಳಗೆ ಮಿಕ್ಕ ಬಟ್ಟೆಯನ್ನು ಮಾತ್ರ ಕತ್ತರಿಸಿಲ್ಲ. ಹೊಲಿಗೆ ಬಿಚ್ಚಿದರೆ ಮತ್ತೆ ಬೆನ್ನಿಗೆ ಗುಂಡಿಪಟ್ಟಿ ಇಡಲು ಸಾಕಾಗುತ್ತದೆ.