ಹೆಬ್ಬೆರಳಿನ ಕೀಲಿ

ಚೆನ್ನಪ್ಪ ಮೇಷ್ಟ್ರೇ,

'ಪೂಜ್ಯ' ಅಂತ ಸೇರಿಸೋಣವೆಂದುಕೊಂಡೆ, ಮನಸ್ಸು ಬರಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಬದುಕಿದ್ದಾಗ ಆಡಲು ನೀವೆಲ್ಲಿ ಬಿಟ್ಟಿರಿ?

ಮಾಗಡಿಯ ನಿಮ್ಮ ಟೈಪಿಂಗ್ ಶಾಲೆಗೆ ನನ್ನನ್ನು ಸೇರಿಸಲು ಅವ್ವ ಗುಡೇಮಾರನಹಳ್ಳಿಯಿಂದ ಬಂದ ದಿನ ನೆನಪಿದೆಯೇ? ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ನೀವು ಎಲ್ಲರೆದುರು ನಕ್ಕಿರಿ. "ಹೆಬ್ಬೆಟ್ಟಿನೋರ ಮನೆಯಿಂದ ಟೈಪಿಸ್ಟಾ? ನೋಡಮ್ಮ, ಇಲ್ಲಿ ಹೆಬ್ಬೆರಳಿಗೆ ಕೆಲಸ ಇಲ್ಲ, ಪದಗಳ ಮಧ್ಯೆ ಜಾಗ ಬಿಡೋಕಷ್ಟೇ." ಅವ್ವ ಹೆಬ್ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡಳು. ಎಂಥ ದೊಡ್ಡ ಮನುಷ್ಯರು ನೀವು!

ಕಂಪ್ಯೂಟರ್ ಬಂದ ಮೇಲೂ ನಿಮ್ಮದು ಅದೇ ರಾಗ. ಟೈಪ್‌ರೈಟರಿನ ಅಕ್ಷರ ಜೋಡಣೆಯನ್ನೇ ಅದಕ್ಕೂ ತುರುಕಿದಿರಿ. ಒತ್ತಕ್ಷರ ಬಂದಾಗಲೆಲ್ಲ ಕಿರುಬೆರಳು ಚಾಚಬೇಕು. ಒತ್ತಕ್ಷರವಿಲ್ಲದ ಸಾಲು ಕನ್ನಡದಲ್ಲಿ ಎಲ್ಲಿದೆ ಮೇಷ್ಟ್ರೇ? ಚನ್ನಪಟ್ಟಣದಲ್ಲಿ ಡಿಟಿಪಿ ಅಂಗಡಿ ಇಟ್ಟ ನನಗೆ ಮಣಿಕಟ್ಟು ಊದಿ ಮುದ್ದೆ ಮುರಿಯಲೂ ಆಗದಾಯಿತು. ನಿಮ್ಮ ಹತ್ತಿರ ಹೇಳಿಕೊಂಡರೆ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಅಂದಿರಿ. ಅಂಗಡಿಗೆ ಬಾಗಿಲು ಹಾಕುವುದೊಂದೇ ಬಾಕಿ ಇತ್ತು.

ಆಗ ಬೆಂಗಳೂರಿನ ಗುಜರಿಯಲ್ಲಿ ಒಂದು ಪುಟ್ಟ ಕೀಬೋರ್ಡು ಸಿಕ್ಕಿತು, ಅಂಗಡಿಗಳಲ್ಲಿ ಬಿಲ್ಲು ಹಾಕುತ್ತಾರಲ್ಲ, ಅಂಥದ್ದು. ಯಾವ ಕೀಲಿಗೆ ಯಾವ ಅಕ್ಷರ ಎಂದು ನಾವೇ ಅದಕ್ಕೆ ಹೇಳಿಕೊಡಬಹುದು. ಹೆಚ್ಚು ಬಳಸುವ ಅಕ್ಷರಗಳನ್ನು ಬೆರಳು ಕೂರುವ ಕಡೆಗೇ ತಂದೆ. ಕೀಲಿ ಕಮ್ಮಿ, ಅಕ್ಷರ ಜಾಸ್ತಿ. ಒಂದು ಕೀಲಿ ಅದುಮಿ ಹಿಡಿದರೆ 'ಕ' ಇದ್ದದ್ದು 'ಖ' ಆಗುವಂತೆ ಮಾಡಿದೆ. ಆದರೂ ನಿಮ್ಮ ಪಾಠದ ಮಹಿಮೆ ನೋಡಿ, ಒತ್ತಕ್ಷರ ಮೂಡಿಸುವ ಕೀಲಿಯನ್ನು ಮತ್ತೆ ಕಿರುಬೆರಳಿಗೇ ಕೊಟ್ಟಿದ್ದೆ! ನೋವು ವಾಪಸ್ಸು ಬಂತು. ನಿಮ್ಮ ಮೇಲಿನ ಸಿಟ್ಟಿಗೇ ಅದನ್ನು ಕಿತ್ತು ಹೆಬ್ಬೆರಳಿಗೆ ಕೊಟ್ಟೆ. ನಿಧಾನಕ್ಕೆ ಊತ ಇಳಿಯಿತು. ತೋರಿಸೋಣವೆಂದರೆ ಅಷ್ಟರಲ್ಲಿ ನೀವು...

ಇರಲಿ, ನಿಮಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ನಿಮ್ಮ ತಿಥಿ ಕಾರ್ಡು ಮಾಡಿಸಲು ನಿಮ್ಮ ಮಗ ನನ್ನ ಅಂಗಡಿಗೇ ಬಂದ. ಅವ್ವನೂ ಅಲ್ಲೇ ಇದ್ದಳು. ನಿಮ್ಮ ಹೆಸರು ಬಂದಾಗ ಕೈ ತಡೆದು, ಆ ಹೆಬ್ಬೆರಳಿನ ಕೀಲಿ ತೋರಿಸಿ, "ಅವ್ವ, ಇಲ್ಲೊಂಚೂರು ಒತ್ತು" ಅಂದೆ.

"ನಂಗೇನ್ ಬತ್ತೈತೆ, ಬುಡವ್ವ."

"ಹೆಬ್ಬೆಟ್ಟು ಒತ್ತಕ್ಕೆ ಬತ್ತೈತಲ್ಲ, ಅಷ್ಟೇ ಸಾಕು."

'ನ್ನ'ಕ್ಕೊಮ್ಮೆ ಒತ್ತಿದಳು, 'ಪ್ಪ'ಕ್ಕೊಮ್ಮೆ ಒತ್ತಿದಳು. ಆ ಹೆಸರೇ ಅಚ್ಚಾಗಿ ನಿಮ್ಮ ನೆಂಟರಿಗೆಲ್ಲ ಹಂಚಿಹೋಯಿತು. ಅಭ್ಯಾಸ ನೋಡಿ, ಒತ್ತಿದ ಮೇಲೆ ಅವ್ವ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಈ ಸಲ ಶಾಯಿ ಇರಲಿಲ್ಲ ಮೇಷ್ಟ್ರೇ.