ಕಂದಿಯ ಬಳಿ ಹೋಗುವ ಮುನ್ನ

ಭಾನುವಾರ, ಮಧ್ಯಾಹ್ನ

ನನ್ನ ಮಗಳಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಉಂಡುಟ್ಟು ಉಸಿರಾಡಿಕೊಂಡಿದ್ದೇವೆ. ಅಲ್ಲಿ ನೀವೂ ಹಾಗೇ ಇದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಕನ್ನಡಕದ ಕಾಲು ಮುರಿದಿತ್ತು. ನಿನ್ನ ತಮ್ಮ ಬಡಗಿ ಅನ್ನಿಸಿಕೊಂಡವನು, ಕಂಡವರ ಮಂಚ ಮೇಜಿಗೆಲ್ಲ ಕಾಲು ಕೂರಿಸುತ್ತಾನೆ, ಹೆತ್ತವಳ ಕನ್ನಡಕಕ್ಕೆ ಒಂದು ಕಾಲು ಕೂರಿಸಲು ಪುರುಸೊತ್ತಿಲ್ಲ. ಕೊನೆಗೆ ನಾನೇ ದಾರ ಸುತ್ತಿಕೊಂಡೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮೊದಲೆಲ್ಲ ನಿನ್ನ ಕಾಗದದ ಕೆಳಗೆ ಇರುವೆ ಕಾಲಿನಂಥ ಅಕ್ಷರದಲ್ಲಿ, ಅತ್ತೆಯವರಿಗೆ ನಮಸ್ಕಾರ, ಮಂಡಿ ನೋವು ಹೇಗಿದೆ ಎಂದು ಒಂದು ಸಾಲು ಗೀಚುತ್ತಿದ್ದರು. ಈಗೀಗ ಅದೂ ಇಲ್ಲ. ದೊಡ್ಡ ಹುದ್ದೆ ಬಂತೋ, ಪೆನ್ನಿನ ಶಾಯಿ ಮುಗಿಯಿತೋ?

ಈಗ ವಿಷಯಕ್ಕೆ ಬರುತ್ತೇನೆ. ಈ ಮನೆಯಲ್ಲಿ ನನ್ನ ಬೆನ್ನ ಹಿಂದೆ ಏನೋ ನಡೆಯುತ್ತಿದೆ. ನಿನ್ನ ಅಪ್ಪ ಬಿಟ್ಟುಹೋದ ಕಂದಿಯನ್ನು ಮಾರಲು ಹೊರಟಿದ್ದಾರೆ. ಅವರು ಕೊನೆಯದಾಗಿ ಕೈಯಾರೆ ಸಾಕಿದ ಕುದುರೆ ಅದು. ನಾನಿನ್ನೂ ಬದುಕಿರುವಾಗಲೇ ಹೇಳದೆ ಕೇಳದೆ ಹಗ್ಗ ಬಿಚ್ಚಿ ಕೊಟ್ಟುಬಿಡುತ್ತಾರಂತೆ! ಯಾರು ಹೇಳಿದರು ಎನ್ನುತ್ತೀಯ. ಯಾರೂ ಹೇಳಿಲ್ಲ. ಅದೇ ನನ್ನ ಅನುಮಾನ. ಯಾರೂ ಏನೂ ಹೇಳುತ್ತಿಲ್ಲ.

ಇಷ್ಟು ವರ್ಷ ಈ ಮನೆ ಹೇಗೆ ನಡೆದಿದೆ ನಿನಗೆ ಗೊತ್ತಲ್ಲ. ಬೆಳಕು ಹರಿಯುವ ಮುಂಚೆ ಸೊಸೆ ಲಾಯಕ್ಕಿಳಿದು ಲದ್ದಿ ಬಾಚಿ, ತೌಡು ನೆನೆಸಿ, ಕಂದಿಯ ಗೊರಸಿಗೆ ಸಿಕ್ಕಿದ ಕಲ್ಲು ಕೆರೆದು, ಮೈ ಉಜ್ಜುತ್ತಾಳೆ. ಆಮೇಲೆ ಅದೇ ಕೈಯಲ್ಲಿ (ತೊಳೆದುಕೊಂಡೇ, ಮುಖ ಸಿಂಡರಿಸಬೇಡ) ಮಗಳಿಗೆ ಜಡೆ ಹಾಕಿ, ಊಟದ ಡಬ್ಬಿ ಕಟ್ಟಿ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಬಸ್ಸು ಹಿಡಿಯುತ್ತಾಳೆ. ಎಷ್ಟೋ ಸಲ ತಲೆಯಲ್ಲಿ ಹುಲ್ಲುಕಡ್ಡಿ ಸಿಕ್ಕಿಸಿಕೊಂಡೇ ಹೋಗಿದ್ದಾಳೆ. ಅಲ್ಲಿನ ಮೇಲ್ವಿಚಾರಕಿ ಒಮ್ಮೆ, "ಏನಮ್ಮಾ, ಬಸ್ಸಲ್ಲಿ ಬಂದ್ಯೋ ಕುದುರೆ ಮೇಲೆ ಬಂದ್ಯೋ?" ಎಂದು ಕೇಳಿದಳಂತೆ. ಮಧ್ಯಾಹ್ನದ ಹುಲ್ಲು ನನ್ನದು. ಈ ಮಂಡಿ ಹೊತ್ತುಕೊಂಡು ಹಿಂದಿನ ಮೆಟ್ಟಿಲು ಇಳಿಯಲಾರೆ, ಹಾಗಾಗಿ ಅಡುಗೆಮನೆಯ ಹಿಂದಿನ ಕಿಟಕಿಯಿಂದಲೇ ಗೋದಲಿಗೆ ತಳ್ಳುತ್ತೇನೆ. ಸಂಜೆ ನಿನ್ನ ತಮ್ಮ ಮೈಮೇಲಿನ ಮರದ ಹೊಟ್ಟು ಕೊಡವಿ ಕಂದಿಯನ್ನು ಒಂದು ಸುತ್ತು ನಡೆಸಿಕೊಂಡು ಬರುತ್ತಾನೆ. ರಜೆಯ ದಿನ ಗಾಡಿ ಕಟ್ಟಿ ಹಲಗೆ ತರುತ್ತಾನೆ. ಹೀಗೆ ಎಲ್ಲರೂ ಒಂದೊಂದು ಹೊತ್ತು ಹಂಚಿಕೊಂಡಿದ್ದೆವು.

ಈಗ ನೋಡು. ಗಾಡಿ ಕಟ್ಟುವುದು ನಿಂತಿದೆ. ಕೇಳಿದರೆ, "ಚಕ್ರ ಸರಿಯಿಲ್ಲಮ್ಮ." ಬಡಗಿಯ ಮನೆಯ ಚಕ್ರ ಇಷ್ಟು ದಿನ ಸರಿಯಾಗದೆ ಇರುತ್ತದಾ? ಹಲಗೆ ಬಾಡಿಗೆ ವ್ಯಾನಿನಲ್ಲಿ ಬರುತ್ತಿದೆ. ಸೊಸೆ ಬೆಳಗಿನ ಪಾಳಿ ಬಿಟ್ಟು ಮಧ್ಯಾಹ್ನದ ಪಾಳಿ ಹಾಕಿಸಿಕೊಂಡಿದ್ದಾಳೆ, ಬೆಳಗೆಲ್ಲ ಲಾಯದಲ್ಲೇ ಬಿದ್ದಿರುತ್ತಾಳೆ. ನೊಣವೇ ಇಲ್ಲದ ಈ ದಿನಗಳಲ್ಲಿ ಕಂದಿಯ ಕಣ್ಣಿಗೆ ನೊಣದ ಜಾಲರಿ ಬಟ್ಟೆ ಕಟ್ಟಿದ್ದಾಳೆ. ಗುರುತು ಸಿಗದ ಹಾಗೆ ಮಾಡುವ ಉಪಾಯ ಎಂದು ನಾನು ಹೇಳುತ್ತೇನೆ. ಮೊನ್ನೆ ತೊಳೆದ ಬಕೆಟ್ಟನ್ನು ಕಿಟಕಿಯಿಂದ ಕೈಚಾಚಿ ಒಂದು ಮಾರು ಆಚೆ ಇಟ್ಟಿದ್ದಕ್ಕೆ, "ಅತ್ತೆ, ದಯವಿಟ್ಟು ಅಲ್ಲಿನದನ್ನ ಅಲ್ಲೇ ಇರೋಕೆ ಬಿಡಿ" ಅಂದಳು. ನನಗೆ! ಈ ಮನೆಯ ಬಕೆಟ್ಟಿಗೆ ನಾನು ಅಪ್ಪಣೆ ಕೇಳಬೇಕಂತೆ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಲಾಯದ ಬಾಗಿಲು ತೆಗೆಯುವ ಮೊದಲು ಹೊರಗೇ ನಿಂತು, "ನಾನೇ, ನಾನೇ ಬಂದೆ" ಎನ್ನುತ್ತಾಳೆ. ಒಳಗೆ ಹೋದ ಮೇಲೂ ಬಾಯಿ ನಿಲ್ಲುವುದಿಲ್ಲ. ಕುದುರೆಗೆ ಯಾರಾದರೂ ಹಾಗೆ ಹೇಳಿಕೊಂಡು ಹೋಗುತ್ತಾರಾ? ಅದೇನು ಕದ ತೆಗೆದು ಕಾಫಿ ಕೊಡುತ್ತದಾ? ಒಳಗೆ ಇನ್ಯಾರೋ ಇದ್ದಾರೆ, ಅವರಿಗೆ ಸನ್ನೆ ಎಂದು ನನ್ನ ಎಣಿಕೆ.

ಎಣಿಕೆ ಸುಳ್ಳಲ್ಲ. ಸೊಸೆಗೆ ರಜೆಯಿದ್ದ ದಿನ, ನಾನು ಊಟವಾಗಿ ಅಡ್ಡಾದ ಹೊತ್ತಿಗೆ ಹಿಂದಿನ ಗೇಟಿನಿಂದ ಇಬ್ಬರು ಬಂದರು. ಒಬ್ಬ ನಮ್ಮ ಲಾಳ ಕಟ್ಟುವವನೇ. ಇನ್ನೊಬ್ಬ ಚರ್ಮದ ಚೀಲ ಹಿಡಿದ ಹೊಸಬ. ನಾನು ನಿದ್ದೆಯ ಗೊರಕೆ ಹೊಡೆಯುತ್ತಲೇ ಒಂದು ಕಣ್ಣು ಬಿಟ್ಟು ಕಿಟಕಿಯಿಂದ ನೋಡಿದೆ. ಹೊಸಬ ಕಂದಿಯ ಮುಖಕ್ಕೆ ಬ್ಯಾಟರಿ ಬಿಟ್ಟು ನೋಡಿದ, ತಲೆ ಆಡಿಸಿದ, ಏನೋ ಪಿಸುಗುಟ್ಟಿದ. ಹಲ್ಲು ನೋಡಲಿಲ್ಲ, ಕಾಲೆತ್ತಿ ನೋಡಲಿಲ್ಲ. ಹಲ್ಲು ನೋಡದೆ ಕುದುರೆ ಕೊಳ್ಳುವ ಪೆದ್ದನನ್ನು ಎಲ್ಲಿಂದ ಹುಡುಕಿದರೋ. ಸೊಸೆ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಮಾರುವವಳಿಗೆ ಅಳು ಬೇರೆ ಕೇಡು!

ಸಂಜೆ ನಿನ್ನ ತಮ್ಮನನ್ನು ನೇರವಾಗಿ ಕೇಳಿದೆ. "ಯಾರೋ ಅದು ಚೀಲದವನು?"

"ಯಾವ ಚೀಲದವನಮ್ಮ?"

"ನಿನ್ನ ಮಾವನ ಮಗ!"

ನಕ್ಕು ಎದ್ದುಹೋದ. ಅವನು ಚಿಕ್ಕವನಿದ್ದಾಗಲೂ ಸುಳ್ಳು ಹೇಳುವಾಗ ಕಿವಿ ತುರಿಸಿಕೊಳ್ಳುತ್ತಿದ್ದ. ತುರಿಸಿಕೊಂಡ.

ನಾನೂ ಸುಮ್ಮನಿರುವವಳಲ್ಲ. ಆ ಇಬ್ಬರು ಮತ್ತೆ ಬರಲಿ, ಕೈಯಾರೆ ಹಿಡಿಯುತ್ತೇನೆ. ನೀನು ಇದನ್ನು ನಿನ್ನ ತಮ್ಮನ ಹೆಂಡತಿಗೆ ಬರೆದು ಕೂರಬೇಡ. ನಿಮ್ಮಿಬ್ಬರ ಕಾಗದ ಓಡಾಡುವುದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡ.

ಮೈ ಕಡೆ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ


ಶುಕ್ರವಾರ, ಬೆಳಗ್ಗೆ

ಮಗಳಿಗೆ ಆಶೀರ್ವಾದಗಳು.

ಹಿಂದಿನ ಕಾಗದಕ್ಕೆ ನಿನ್ನ ಉತ್ತರ ಬರುವ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ ಎಂದು ಗಾಬರಿಯಾಗಬೇಡ. ಎಲ್ಲರೂ ಇದ್ದೇವೆ. ಕಂದಿಯೂ ಇದ್ದಾಳೆ, ಮಂಡಿಗೆ ಬಟ್ಟೆ ಸುತ್ತಿಕೊಂಡು. ನನಗೂ ಅವಳಿಗೂ ಈಗ ಒಂದೇ ಕಾಯಿಲೆ ಎಂದು ನಿನ್ನ ತಮ್ಮ ಹಾಸ್ಯ ಮಾಡುತ್ತಾನೆ. ಮಾಡಲಿ.

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಸೋಮವಾರ ಸೊಸೆ ಕಂದಿಯನ್ನು ಹಿತ್ತಿಲಲ್ಲಿ ಬಿಟ್ಟು ಸ್ನಾನಕ್ಕೆ ಹೋದಳು. ನಾನು ಹಿಂದಿನ ಮೆಟ್ಟಿಲನ್ನು ಕೂತು ಕೂತು ಇಳಿದೆ. ಒಗೆಯುವ ತಗಡಿನ ಟಬ್ಬನ್ನು ಎಳೆದು, ಹಿಂದಿನ ಗೇಟಿನಿಂದ ಲಾಯಕ್ಕೆ ಹೋಗುವ ದಾರಿಯ ನಡುವೆ ಬೋರಲು ಹಾಕಿದೆ. ಆ ಕಳ್ಳ ಹೆಜ್ಜೆಯವರು ಬಂದರೆ ಎಡವಲಿ, ಸದ್ದಾಗಲಿ, ಕೈಗೆ ಸಿಗಲಿ ಎಂದು. ನನ್ನ ಬುದ್ಧಿಗೆ ನಾನೇ ಮೆಚ್ಚಿ ಮೇಲೆ ಬಂದೆ. ಹುಲ್ಲನ್ನೂ ಬೇಗನೇ ತಳ್ಳಿಬಿಟ್ಟೆ, ಆಮೇಲೆ ಕಿಟಕಿಯಲ್ಲಿ ಕಾವಲು ಕೂರುವುದಕ್ಕೆ ಅಡ್ಡಿಯಾಗಬಾರದಲ್ಲ.

ಹುಲ್ಲಿನ ವಾಸನೆಗೆ ಕಂದಿ ಹಿತ್ತಿಲ ಮೂಲೆಯಿಂದ ತಲೆಯೆತ್ತಿದಳು. ಸುಡುವಂಥ ಬಿಸಿಲು. ಟಬ್ಬು ಕಣ್ಣಿಗೆ ಚುಚ್ಚುವ ಹಾಗೆ ಹೊಳೆಯುತ್ತಿತ್ತು. ದಾರ ಸುತ್ತಿದ ಕನ್ನಡಕದಲ್ಲಿ ನನಗೇ ಕಾಣುತ್ತಿತ್ತು. ಅವಳು ನೆಟ್ಟಗೆ ನಡೆದು ಬಂದಳು. ಸುತ್ತಿಕೊಂಡು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಎರಡು ಮುಂಗಾಲೂ ಟಬ್ಬಿಗೆ ಬಡಿದು ಮುಂದಕ್ಕೆ ಮಂಡಿಯೂರಿ ಬಿದ್ದಳು. ಆ ತಗಡಿನ ಸದ್ದು, ಅವಳು ಕೂಗಿದ ಸದ್ದು, ಎರಡೂ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ನಾನು ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಮಂಡಿ ನೋವು ನೆನಪಾದದ್ದು ಹತ್ತುವಾಗ. ಅವಳು ಎದ್ದು ನಡುಗುತ್ತಾ ನಿಂತಿದ್ದಳು. ಜಾಲರಿ ಬಟ್ಟೆ ಜಾರಿ ಮೂತಿಗೆ ನೇತಾಡುತ್ತಿತ್ತು. ಆಗ ಕಂಡೆ ಮಗಳೇ. ಎರಡು ಕಣ್ಣೂ ಹಾಲು ಬಿದ್ದ ಗಾಜಿನ ಹಾಗೆ. ಕೈ ಬೀಸಿದೆ. ರೆಪ್ಪೆ ಅಲುಗಲಿಲ್ಲ. ನಾನು ಸುಮ್ಮನೆ ಕುತ್ತಿಗೆ ಮುಟ್ಟಹೋದೆ, ಬೆದರಿ ಹಿಂದಕ್ಕೆ ಹಾರಿದಳು. ನನ್ನನ್ನು ಕಂಡು ಬೆದರಿದಳು ಎಂದು ಬರೆಯಲಾರೆ, ಕಾಣದೆ ಬೆದರಿದಳು.

ಸೊಸೆ ಒದ್ದೆ ತಲೆಯಲ್ಲೇ ಓಡಿಬಂದಳು. ಹತ್ತಿರ ಬರುತ್ತಲೇ ಓಡುವುದನ್ನು ನಿಲ್ಲಿಸಿದಳು. "ನಾನೇ ಕಣೇ, ನಾನೇ ಬಂದೆ, ಎಡಗಡೆ ಇದೀನಿ, ಏನಾಗಿಲ್ಲ" ಎನ್ನುತ್ತಾ ಒಂದೊಂದೇ ಹೆಜ್ಜೆ ಇಟ್ಟು ಭುಜದ ಮೇಲೆ ಅಂಗೈ ಊರಿದಳು. ಕಂದಿಯ ನಡುಕ ನಿಂತಿತು. ಆ "ನಾನೇ ಬಂದೆ" ಯಾರಿಗೆ ಎಂದು ಆಗ ಗೊತ್ತಾಯಿತು.

"ಕಣ್ಣು ಕಾಣ್ಸಲ್ವಾ ಇದಕ್ಕೆ?" ಎಂದೆ.

ಅವಳು ಟಬ್ಬನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದು ನಾನೂ ಉತ್ತರ ಜೋಡಿಸಿಕೊಂಡೆ. ಬೈಯಲಿಲ್ಲ. ನನಗೂ ಕುದುರೆಗೂ ನಡುವೆ ಬಂದು ಕೈ ಅಗಲಿಸಿ ನಿಂತಳು.

"ಅತ್ತೆ, ಕೈ ಮುಗೀತೀನಿ, ಕಳಿಸ್ಬಿಡಿ ಅನ್ಬೇಡಿ. ಒಂದು ಕಣ್ಣು ಮೊದಲೇ ಹೋಗಿತ್ತು, ಇನ್ನೊಂದೂ ಹೋಯ್ತು. ಡಾಕ್ಟರು ನೋವಿಗೆ ಔಷಧಿ ಕೊಟ್ಟಿದಾರೆ. ದಾರಿ ಎಲ್ಲ ಕಲಿತಿದಾಳೆ. ನಿಮಗೆ ಒಂದು ಹಿಡಿ ಕೆಲಸ ಹೆಚ್ಚಾಗಲ್ಲ."

"ಕಳಿಸ್ತೀನಿ ಅಂತ ಯಾರು ಹೇಳಿದ್ರು ನಿಂಗೆ?"

"ನೀವೇ ಹೇಳಿದ್ರಲ್ಲ ಅತ್ತೆ."

ಹೇಳಿದ್ದೆ. ಹಾಲಿನವನ ಕುರುಡು ಕುದುರೆ ಬೀದಿಯಲ್ಲಿ ದೀಪದ ಕಂಬಕ್ಕೆ ಗುದ್ದಿದ ದಿನ, ಊಟಕ್ಕೆ ಕೂತಾಗ ನಾನೇ ಅಂದೆ: ಗೋದಲಿ ಕಾಣದ ಕುದುರೆಯನ್ನು ಯಾರು ಸಾಕುತ್ತಾರೆ, ನಾನಾಗಿದ್ದರೆ ಅವತ್ತೇ ಸಾಗಹಾಕುತ್ತಿದ್ದೆ ಎಂದು. ಅಂದು ಮರೆತೆ. ಬಾಯಿಗೆ ಬಂದದ್ದನ್ನು ಅನ್ನುವುದು ನನಗೆ ಕೆಮ್ಮಿದ ಹಾಗೆ. ಆದರೆ ಕಂದಿಯ ಮೊದಲ ಕಣ್ಣು ಮಂಜಾದದ್ದನ್ನು ಅವಳು ಅವತ್ತು ಬೆಳಗ್ಗೆಯೇ ನೋಡಿದ್ದಳಂತೆ. ನನ್ನ ಮಾತು ಕೇಳುತ್ತಾ ತುತ್ತು ಕೈಯಲ್ಲೇ ಹಿಡಿದು ಕೂತಿದ್ದಳಂತೆ. ಪಾಳಿ ಬದಲಿಸಿದ್ದು, ಬಕೆಟ್ಟು ಕದಲಿಸಬೇಡಿ ಅಂದದ್ದು, ಜಾಲರಿ ಕಟ್ಟಿದ್ದು, ಚಕ್ರದ ಸುಳ್ಳು, ಎಲ್ಲಾ ನನ್ನಿಂದ ಒಂದು ಕುದುರೆಯನ್ನು ಉಳಿಸಿಕೊಳ್ಳುವುದಕ್ಕೆ. ನಾನು ಯಾರಿಂದಲೋ ಅದೇ ಕುದುರೆಯನ್ನು ಉಳಿಸಿಕೊಳ್ಳಲು ಟಬ್ಬು ಎಳೆದೆ.

ಅಷ್ಟರಲ್ಲಿ ಸೊಸೆ ನಿನ್ನ ಮಾತನ್ನೂ ಎತ್ತಿದಳು. "ಅಕ್ಕನೂ ಹೇಳೋದು ಬೇಡ ಅಂತ ಬರೆದಿದ್ರು ಅತ್ತೆ. ಅಮ್ಮನ ಕಿವಿಗೆ ಹಾಕ್ಬೇಡ, ನನ್ನ ವಿಷಯನೇ ನಾನಿನ್ನೂ..." ಎಂದವಳು ನಾಲಿಗೆ ಕಚ್ಚಿಕೊಂಡು, ಗಾಯಕ್ಕೆ ಬಿಸಿನೀರು ತರುತ್ತೇನೆಂದು ಒಳಗೆ ಓಡಿದಳು. ನಾನು ಮತ್ತೆ ಕೇಳಲಿಲ್ಲ.

ಚೀಲದ ಡಾಕ್ಟರು ಬಂದು ಗಾಯಕ್ಕೆ ಹೊಲಿಗೆ ಹಾಕಿದರು. ಮೂಳೆಗೆ ಏನೂ ಆಗಿಲ್ಲ. ಈ ಸಲ ಮುಂದಿನ ಬಾಗಿಲಿನಿಂದಲೇ ಬಂದರು. ಜೊತೆಗೆ ಬಂದ ಲಾಳದವನು ನನಗೆ ಪಾಠ ಹೇಳಿದ. ಹತ್ತಿರ ಹೋಗುವ ಮುಂಚೆ ಮಾತಾಡಬೇಕು, ದೂರದಿಂದಲೇ. ಯಾವಾಗಲೂ ಒಂದೇ ಕಡೆಯಿಂದ ಬರಬೇಕು, ದಿನಕ್ಕೊಂದು ಕಡೆಯಿಂದಲ್ಲ. ಮೊದಲು ಭುಜ ಮುಟ್ಟಬೇಕು, ಮುಖಕ್ಕೆ ಕೈ ಹಾಕಬಾರದು. "ನಿಮಗೇನು ಕಷ್ಟ ಅಜ್ಜಿ, ನಿಮ್ಮ ದನಿ ಇರೋವಾಗ ಕಂದಿಗೆ ಕಣ್ಣ್ಯಾಕೆ?" ಎಂದ. ಅವನ ಮುಖಕ್ಕೆ ಮಂಗಳಾರತಿ ಎತ್ತಬೇಕೆಂದುಕೊಂಡೆ, ಸೊಸೆ ನಕ್ಕದ್ದು ನೋಡಿ ಬಿಟ್ಟೆ. ಅವಳು ನಗುವುದನ್ನು ನೋಡಿ ತಿಂಗಳುಗಳಾಗಿದ್ದವು.

ಈಗ ಮಧ್ಯಾಹ್ನ ಹುಲ್ಲು ತಳ್ಳುವ ಮುಂಚೆ ಕಿಟಕಿಯಲ್ಲಿ ನಿಂತು, "ನಾನು ಕಣೇ, ಈ ಮನೆಯ ಬಾಯಿಬಡುಕಿ" ಎನ್ನುತ್ತೇನೆ. ಮೊದಲ ದಿನ ಕಿವಿ ಹಿಂದಕ್ಕೆ ಮಾಡಿದಳು. ಟಬ್ಬಿನ ಮೇಲೆ ನನ್ನ ಕೈ ವಾಸನೆ ಇತ್ತೋ ಏನೋ. ನಿನ್ನೆ ನನ್ನ ದನಿಗೆ ಎರಡು ಹೆಜ್ಜೆ ಈ ಕಡೆ ಬಂದಳು. ಸೊಸೆಗೆ ಮಾತ್ರ ನಂಬಿಕೆ ಇನ್ನೂ ಪೂರ್ತಿ ಬಂದಿಲ್ಲ. ಕೆಲಸಕ್ಕೆ ಹೊರಡುವಾಗ ಹಿತ್ತಿಲನ್ನೊಮ್ಮೆ ಕಣ್ಣಾಡಿಸಿ, ಟಬ್ಬು ಗೋಡೆಗೇ ಇದೆಯೇ ಎಂದು ನೋಡಿಯೇ ಹೋಗುತ್ತಾಳೆ. ನಾನು ನೋಡದವಳ ಹಾಗೆ ಇರುತ್ತೇನೆ.

ಎಲ್ಲ ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ನಿನ್ನ ಬಾಗಿಲು ಬೆಳಕಾಗಿರಲಿ.

ನಿನ್ನ ಅಮ್ಮ

ವಿ.ಸೂ.: ಇದನ್ನು ಮರೆತುಹೋಗಿ ಕೆಳಗೆ ಬರೆಯುತ್ತಿಲ್ಲ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಅಳಿಯಂದಿರ ಇರುವೆ ಕಾಲಿನ ಸಾಲು ನಿಂತಂದಿನಿಂದ ನೀನೂ "ನಾವು" ಎಂದು ಬರೆದಿಲ್ಲ. "ನಾನು ಉಂಡೆ, ನಾನು ಹೋದೆ, ನಾನು ಚೆನ್ನಾಗಿದ್ದೇನೆ" ಎಂದೇ ಇದೆ. ನಾನು ಅದನ್ನು ಅವರ ಜಂಬ ಎಂದುಕೊಂಡು ನಗೆಯಾಡಿದೆ. ಎಂದೋ ಯಾರದೋ ಮಗಳು ಗಂಡನ ಮನೆ ಬಿಟ್ಟು ಬಂದಾಗ, ಊಟಕ್ಕೆ ಕೂತು ನಾನು ಏನಾದರೂ ಅಂದಿರಬೇಕು. ಏನೆಂದು ನೆನಪಿಲ್ಲ, ನಿನಗಿರುತ್ತದೆ. ನಾನು ಹತ್ತಿರ ಬರುವುದಿಲ್ಲ. ಇಲ್ಲೇ, ದೂರದಲ್ಲೇ ನಿಂತು ಮಾತಾಡುತ್ತಿದ್ದೇನೆ, ಬೆದರಬೇಡ. ನಾನೇ ಕಣೇ, ಅಮ್ಮ. ಆ ಮನೆಯಲ್ಲಿ ನೀನೊಬ್ಬಳೇ ಇದ್ದೀಯಾ?